ಕ್ಯಾಸಿಯಸ್‌ಗೆ ಹೊಟ್ಟೆಕಿಚ್ಚು ಇತ್ತು, ಸರಿ. ಆಮೇಲೆ?

ಷೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ಓದಿದ ಯಾರನ್ನಾದರೂ ಕೇಳಿ ನೋಡಿ, ಸೀಸರ್‌ನನ್ನು ಯಾಕೆ ಕೊಂದರು ಅಂತ. ಬ್ರೂಟಸ್ ದೇಶಕ್ಕಾಗಿ ಕೊಂದ, ಕ್ಯಾಸಿಯಸ್ ಹೊಟ್ಟೆಕಿಚ್ಚಿಗೆ ಕೊಂದ ಅಂತ ಥಟ್ಟನೆ ಉತ್ತರ ಬರುತ್ತದೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಕೂಡ ಸಿಗುತ್ತದೆ. ಆದರೆ ಇದು ನಾಟಕಕಾರನ ಮಾತಲ್ಲ, ನಾಟಕದ ಒಳಗೆ ಯುದ್ಧ ಗೆದ್ದ, ಸೀಸರ್‌ನ ಆಪ್ತ ಆಂಟನಿಯ ಮಾತು. ಕೊನೆಯ ದೃಶ್ಯದಲ್ಲಿ ಬ್ರೂಟಸ್‌ನ ಹೆಣದ ಮುಂದೆ ನಿಂತು ಅವನು ಹೇಳುತ್ತಾನೆ: ಸಂಚುಗಾರರಲ್ಲಿ ಇವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಸೀಸರ್ ಮೇಲಿನ ಮತ್ಸರದಿಂದಲೇ ಆ ಕೆಲಸ ಮಾಡಿದರು. ನಾವು ಇದನ್ನೇ ಸತ್ಯ ಅಂದುಕೊಂಡು ಮನೆಗೆ ತಂದಿದ್ದೇವೆ. ಸುಳ್ಳು ಅನ್ನುತ್ತಿಲ್ಲ. ಕ್ಯಾಸಿಯಸ್‌ಗೆ ಹೊಟ್ಟೆಕಿಚ್ಚು ಇತ್ತು, ಬೇಕಾದಷ್ಟು ಇತ್ತು. ಆದರೆ ಈ ನಾಟಕದಲ್ಲಿ ಆ ಕಿಚ್ಚು ಮಾಡುವ ಕೆಲಸ ನಾವು ಅಂದುಕೊಂಡಷ್ಟು ಸರಳವಾಗಿಲ್ಲ.

ಮೊದಲು ಸ್ವಲ್ಪ ರೋಮ್ ಕಥೆ, ಇಲ್ಲದಿದ್ದರೆ ಇವರ ಸಿಟ್ಟು ಅರ್ಥವಾಗುವುದಿಲ್ಲ. ರೋಮನ್ನರ ನಂಬಿಕೆಯಂತೆ ಅವರು ತಮ್ಮ ಕೊನೆಯ ರಾಜನನ್ನು ಓಡಿಸಿದ್ದು ಕ್ರಿ.ಪೂ. 509ರಲ್ಲಿ. ಓಡಿಸಿದವರ ಮುಂದಾಳು ಇನ್ನೊಬ್ಬ ಬ್ರೂಟಸ್, ನಮ್ಮ ಬ್ರೂಟಸ್ ತನ್ನ ವಂಶದ ಮೂಲಪುರುಷ ಅಂತ ಹೇಳಿಕೊಳ್ಳುತ್ತಿದ್ದವನು. ರಾಜ ಹೋದಮೇಲೆ ಅಲ್ಲಿ ಆಳ್ವಿಕೆಗೆ ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳು. ಒಬ್ಬ ಇನ್ನೊಬ್ಬನನ್ನು ತಡೆಯಬಹುದು, ವರ್ಷ ಮುಗಿದ ಕೂಡಲೇ ಇಬ್ಬರೂ ಇಳಿಯಬೇಕು. ಕೆಲವೇ ದೊಡ್ಡ ಮನೆತನಗಳ ಹುಡುಗರು ಒಟ್ಟಿಗೆ ಬೆಳೆಯುತ್ತಿದ್ದರು, ಒಟ್ಟಿಗೆ ಯುದ್ಧಕ್ಕೆ ಹೋಗುತ್ತಿದ್ದರು, ಆಮೇಲೆ ಅವೇ ನಾಲ್ಕು ಹುದ್ದೆಗಳಿಗೆ ಪೈಪೋಟಿಗೆ ಬೀಳುತ್ತಿದ್ದರು. ಯಾರೂ ಜಾಸ್ತಿ ಮೇಲೆ ಹೋಗದಂತೆ ಎಲ್ಲರೂ ಎಲ್ಲರ ಮೇಲೆ ಕಣ್ಣಿಟ್ಟಿರುತ್ತಿದ್ದರು. ನಾವು ದಾಯಾದಿ ಮತ್ಸರ ಅಂತೀವಲ್ಲ, ಆ ಊರಿನ ಆಡಳಿತ ನಡೆದಿದ್ದೇ ಸುಮಾರು ಅದರ ಮೇಲೆ.

ಇಂಥ ಕಡೆ ಒಬ್ಬ ಸೀಸರ್ ಬಂದ. ಗಾಲ್ ಪ್ರಾಂತವನ್ನು, ಅಂದರೆ ಸುಮಾರು ಈಗಿನ ಫ್ರಾನ್ಸನ್ನು, ಗೆದ್ದ, ತನಗೆ ಎದುರು ನಿಂತ ಸೇನಾಪತಿ ಪಾಂಪೆಯನ್ನು ಸೋಲಿಸಿದ, ಕ್ರಿ.ಪೂ. 44ರ ಹೊತ್ತಿಗೆ ಬದುಕಿರುವವರೆಗೂ ತಾನೇ ಸರ್ವಾಧಿಕಾರಿ ಅನ್ನಿಸಿಕೊಂಡ. ಬ್ರೂಟಸ್ ಮತ್ತು ಕ್ಯಾಸಿಯಸ್ ಇಬ್ಬರೂ ಪಾಂಪೆ ಕಡೆಯವರಾಗಿದ್ದವರು. ಸೋತ ಮೇಲೆ ಸೀಸರ್ ಇಬ್ಬರನ್ನೂ ಕ್ಷಮಿಸಿದ. ಕ್ಷಮಿಸುವುದು ಒಳ್ಳೆಯ ಗುಣವೇ, ಆದರೆ ಕ್ಷಮಿಸುವವನು ಯಾವಾಗಲೂ ಮೇಲೆ ಇರುತ್ತಾನೆ, ಅಲ್ವಾ? ನಿನ್ನೆಯವರೆಗೂ ಸಮ ಸಮ ಇದ್ದವನು ಇವತ್ತು ನಿನ್ನ ಪ್ರಾಣ ಉಳಿಸಿದ್ದೇನೆ ಹೋಗು ಅಂದರೆ, ಉಳಿದ ಪ್ರಾಣವೇ ದಿನಾ ಚುಚ್ಚುತ್ತದೆ.

ಷೇಕ್ಸ್‌ಪಿಯರ್ ಈ ಕಥೆಯನ್ನು ತೆಗೆದುಕೊಂಡಿದ್ದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ ಜೀವನಚರಿತ್ರೆಗಳಿಂದ. 1579ರಲ್ಲಿ ಥಾಮಸ್ ನಾರ್ತ್ ಅದನ್ನು ಇಂಗ್ಲಿಷಿಗೆ ತಂದಿದ್ದ, ನಾಟಕ ರಂಗಕ್ಕೆ ಬಂದಿದ್ದು 1599ರ ಹೊತ್ತಿಗೆ. ಅವನು ಅಲ್ಲಿಂದ ಏನು ತೆಗೆದುಕೊಂಡ ಅನ್ನುವುದಕ್ಕಿಂತ ಏನು ಬಿಟ್ಟ ಅನ್ನುವುದನ್ನು ನೋಡಿದರೆ ಕ್ಯಾಸಿಯಸ್ ಬೇಗ ಅರ್ಥವಾಗುತ್ತಾನೆ.

ಪ್ಲುಟಾರ್ಕ್‌ನಲ್ಲಿ ಕ್ಯಾಸಿಯಸ್‌ನ ಸಿಟ್ಟಿಗೆ ಗಟ್ಟಿಯಾದ ಕಾರಣಗಳಿವೆ. ನಗರದ ಮುಖ್ಯ ಪ್ರೀಟರ್ ಹುದ್ದೆಗೆ, ಅಂದರೆ ನ್ಯಾಯ ಹೇಳುವ ದೊಡ್ಡ ಹುದ್ದೆಗೆ, ಕ್ಯಾಸಿಯಸ್ ಮತ್ತು ಬ್ರೂಟಸ್ ಇಬ್ಬರೂ ಆಸೆಪಟ್ಟಿದ್ದರು. ಇಬ್ಬರೂ ನೆಂಟರು ಬೇರೆ, ಬ್ರೂಟಸ್‌ನ ಮಲತಂಗಿ ಯೂನಿಯಾ ಕ್ಯಾಸಿಯಸ್‌ನ ಹೆಂಡತಿ. ಸೀಸರ್ ಇಬ್ಬರ ವಾದವನ್ನೂ ಕೇಳಿ, ಕ್ಯಾಸಿಯಸ್ ಹೇಳುವುದರಲ್ಲೇ ನ್ಯಾಯ ಜಾಸ್ತಿ ಇದೆ, ಆದರೆ ಹುದ್ದೆ ಬ್ರೂಟಸ್‌ಗೇ ಅಂದುಬಿಟ್ಟ. ಕ್ಯಾಸಿಯಸ್‌ಗೂ ಒಂದು ಪ್ರೀಟರ್ ಹುದ್ದೆ ಸಿಕ್ಕಿತು, ಎರಡನೆಯದು. ಸಿಕ್ಕಿದ್ದಕ್ಕೆ ಖುಷಿಪಡದೆ ತಪ್ಪಿದ್ದಕ್ಕೆ ಉರಿದುಕೊಂಡ. ಇದರ ಜೊತೆಗೆ ಸಿಂಹಗಳ ಕಥೆ ಒಂದಿದೆ. ಜನರಿಗೆ ಆಟ ತೋರಿಸಲು ಕ್ಯಾಸಿಯಸ್ ತರಿಸಿದ್ದ ಸಿಂಹಗಳು ಮೆಗಾರಾ ಪಟ್ಟಣದಲ್ಲಿದ್ದವು, ಊರು ಸೀಸರ್ ಕಡೆಯವರ ವಶವಾದಾಗ ಸಿಂಹಗಳನ್ನೂ ಸೀಸರ್ ಇಟ್ಟುಕೊಂಡನಂತೆ. ಬ್ರೂಟಸ್‌ಗೆ ಆಗದಿದ್ದುದು ಆಳ್ವಿಕೆ, ಕ್ಯಾಸಿಯಸ್‌ಗೆ ಆಗದಿದ್ದುದು ಆಳುವವನು ಅಂತ ಜನ ಆಡಿಕೊಳ್ಳುತ್ತಿದ್ದರು ಎಂದೂ ಪ್ಲುಟಾರ್ಕ್ ಬರೆಯುತ್ತಾನೆ. ಆದರೆ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಸಿಂಹಗಳಿಗಾಗಿ ಕೊಂದ ಅನ್ನುವವರ ಮಾತು ಸರಿಯಲ್ಲ, ಇವನಿಗೆ ಹುಡುಗನಾಗಿದ್ದಾಗಿನಿಂದಲೇ ದಬ್ಬಾಳಿಕೆ ಕಂಡರೆ ಆಗುತ್ತಿರಲಿಲ್ಲ ಅನ್ನುತ್ತಾನೆ. ಸರ್ವಾಧಿಕಾರಿ ಸುಲ್ಲಾನ ಮಗ ಶಾಲೆಯಲ್ಲಿ ಅಪ್ಪನ ಅಧಿಕಾರದ ಬಗ್ಗೆ ಕೊಚ್ಚಿಕೊಂಡಾಗ ಕ್ಯಾಸಿಯಸ್ ಎದ್ದು ಹೋಗಿ ಅವನಿಗೆ ಹೊಡೆದಿದ್ದನಂತೆ.

ಷೇಕ್ಸ್‌ಪಿಯರ್ ಈ ಎರಡನ್ನೂ ಬಿಟ್ಟ. ತಪ್ಪಿದ ಹುದ್ದೆ ಇಲ್ಲ, ಸಿಂಹ ಇಲ್ಲ, ಶಾಲೆಯ ಹೊಡೆದಾಟವೂ ಇಲ್ಲ. ಅಂದರೆ ಕ್ಯಾಸಿಯಸ್‌ನ ಹಗೆಗೆ ಲಾಭ ನಷ್ಟದ ಕಾರಣವನ್ನೂ ಕೊಡಲಿಲ್ಲ, ಬಾಲ್ಯದ ಆದರ್ಶದ ಕಾರಣವನ್ನೂ ಕೊಡಲಿಲ್ಲ. ಬದಲಿಗೆ ತಾನೇ ಎರಡು ಸಣ್ಣ ಕಥೆಗಳನ್ನು ಹೆಣೆದು ಕ್ಯಾಸಿಯಸ್‌ನ ಬಾಯಲ್ಲಿ ಇಟ್ಟ.

ಮೊದಲ ಅಂಕದ ಎರಡನೇ ದೃಶ್ಯ. ಲೂಪರ್ಕಾಲ್ ಹಬ್ಬದ ದಿನ. ಆ ಕಡೆ ಜನ ಹೋ ಅಂತ ಕೂಗುತ್ತಿದ್ದಾರೆ, ಸೀಸರ್‌ಗೆ ಕಿರೀಟ ಕೊಡುತ್ತಿದ್ದಾರೇನೋ ಅನ್ನುವ ಭಯ. ಈ ಕಡೆ ಕ್ಯಾಸಿಯಸ್ ಬ್ರೂಟಸ್‌ನನ್ನು ಪಕ್ಕಕ್ಕೆ ಕರೆದು ಮಾತಿಗೆ ಎಳೆದಿದ್ದಾನೆ. ಮಾತು ಶುರುವಾಗುವುದು ರಾಜಕೀಯದಿಂದ ಅಲ್ಲ, ದೂರಿನಿಂದ. ನೀನು ಈಚೆಗೆ ನನ್ನನ್ನು ಮುಂಚಿನ ಪ್ರೀತಿಯಿಂದ ನೋಡುತ್ತಿಲ್ಲ ಬ್ರೂಟಸ್, ಅನ್ನುತ್ತಾನೆ. ಇದನ್ನು ನಾವು ಓದುವಾಗ ಬೇಗ ದಾಟಿ ಹೋಗುತ್ತೇವೆ, ಆದರೆ ಇವನಿಗೆ ಸೀಸರ್‌ನ ಅಧಿಕಾರದ ಮೇಲೆ ಎಷ್ಟು ಕಣ್ಣಿದೆಯೋ ಬ್ರೂಟಸ್‌ನ ಪ್ರೀತಿಯ ಮೇಲೂ ಅಷ್ಟೇ ಇದೆ. ಅದೇ ದೃಶ್ಯದ ಕೊನೆಗೆ ಒಬ್ಬನೇ ನಿಂತಾಗ ಹೇಳಿಕೊಳ್ಳುತ್ತಾನೆ: ಸೀಸರ್‌ಗೆ ನನ್ನ ಮೇಲೆ ಸಿಟ್ಟಿದೆ, ಬ್ರೂಟಸ್ ಮೇಲೆ ಪ್ರೀತಿಯಿದೆ.

ಆಮೇಲೆ ಆ ಎರಡು ಕಥೆ. ಒಂದು ಚಳಿಯ ದಿನ, ಟೈಬರ್ ನದಿ ಉಕ್ಕುತ್ತಿದೆ. ನನ್ನ ಜೊತೆ ಈ ನೀರಿಗೆ ಹಾರಿ ಆ ದಡ ಸೇರ್ತೀಯಾ ಅಂತ ಸೀಸರ್ ಸವಾಲು ಹಾಕಿದ. ಕ್ಯಾಸಿಯಸ್ ಬಟ್ಟೆಬರೆ ಸಮೇತ ಹಾರಿದ. ದಡ ಮುಟ್ಟುವ ಮೊದಲೇ ಸೀಸರ್ ‘ಕ್ಯಾಸಿಯಸ್, ಕಾಪಾಡು, ಮುಳುಗ್ತೀನಿ’ ಅಂತ ಕೂಗಿದ, ಇವನು ಎತ್ತಿ ದಡಕ್ಕೆ ತಂದ. ಇನ್ನೊಂದು ಸ್ಪೇನಿನಲ್ಲಿ. ಸೀಸರ್‌ಗೆ ಜ್ವರ ಬಂದು ಗಡಗಡ ನಡುಗಿದ, ತುಟಿ ಬಿಳಿಚಿಕೊಂಡಿತು, ‘ಟಿಟಿನಿಯಸ್, ಕುಡಿಯೋಕೆ ಏನಾದರೂ ಕೊಡು’ ಅಂತ ಕಾಯಿಲೆ ಬಿದ್ದ ಹುಡುಗಿಯ ಹಾಗೆ ಗೋಗರೆದ. ಇಂಥವನು ಈಗ ದೇವರಾಗಿದ್ದಾನೆ, ಅವನು ಸುಮ್ನೆ ತಲೆ ಆಡಿಸಿದರೆ ನಾನು ಬಗ್ಗಬೇಕು!

ಪ್ಲುಟಾರ್ಕ್‌ನ ಸೀಸರ್ ಒಳ್ಳೆಯ ಈಜುಗಾರ ಅನ್ನುವುದು ಇಲ್ಲಿ ಮಜಾ. ಅಲೆಕ್ಸಾಂಡ್ರಿಯಾದಲ್ಲಿ ಶತ್ರುಗಳು ಬಾಣ ಬಿಡುತ್ತಿರುವಾಗ ಕಾಗದಪತ್ರಗಳನ್ನು ಒಂದು ಕೈಯಲ್ಲಿ ನೀರಿನ ಮೇಲೆ ಹಿಡಿದು ಇನ್ನೊಂದು ಕೈಯಲ್ಲಿ ಈಜಿ ಪಾರಾದವನು. ಷೇಕ್ಸ್‌ಪಿಯರ್ ಪ್ಲುಟಾರ್ಕ್‌ನನ್ನು ಸಾಲು ಸಾಲಾಗಿ ಬಳಸಿಕೊಂಡವನು, ಇದನ್ನು ಓದದೇ ಇರುವ ಸಾಧ್ಯತೆ ಕಡಿಮೆ. ಬೇಕಂತಲೇ ತಿರುಗಿಸಿದ್ದಾನೆ ಅಂತ ನನಗನ್ನಿಸುತ್ತದೆ, ಏಕೆಂದರೆ ಅವನಿಗೆ ಬೇಕಾಗಿದ್ದು ಸೀಸರ್ ಬಗ್ಗೆ ಒಂದು ಸಂಗತಿ ಅಲ್ಲ, ಕ್ಯಾಸಿಯಸ್ ತಲೆಯಲ್ಲಿ ಎಷ್ಟೋ ವರ್ಷದಿಂದ ತಿರುಗುತ್ತಿರುವ ಒಂದು ಲೆಕ್ಕ.

ಆ ಲೆಕ್ಕ ನೋಡಿ. ಸೀಸರ್ ಯಾರನ್ನು ಸುಲಿದ, ಯಾವ ಕಾನೂನು ಮುರಿದ, ಯಾರ ಬಾಯಿ ಮುಚ್ಚಿಸಿದ ಅನ್ನುವ ಒಂದು ಮಾತೂ ಅದರಲ್ಲಿಲ್ಲ. ಇರುವುದು ಇಷ್ಟೇ: ಅವನು ನನಗಿಂತ ಕೆಟ್ಟದಾಗಿ ಈಜುತ್ತಾನೆ, ಅವನಿಗೂ ಜ್ವರ ಬರುತ್ತದೆ. ನಾವೂ ಅಷ್ಟೇ ಊಟ ಮಾಡಿದ್ದೇವೆ, ಅಷ್ಟೇ ಚಳಿ ತಡೆದಿದ್ದೇವೆ. ಅವನ ಹೆಸರು ಬರೆ, ಪಕ್ಕದಲ್ಲಿ ನಿನ್ನ ಹೆಸರು ಬರೆ, ನಿನ್ನದೂ ಅಷ್ಟೇ ಚಂದ. ತೂಗಿ ನೋಡು, ಅಷ್ಟೇ ಭಾರ.

ಮತ್ಸರ ಹುಟ್ಟುವುದು ಹೀಗೇ. ಅರಿಸ್ಟಾಟಲ್ ತನ್ನ ಭಾಷಣಕಲೆಯ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾನೆ. ಜನ ಮತ್ಸರಪಡುವುದು ತಮ್ಮ ಸಮದವರ ಮೇಲೆ, ಅಂದರೆ ಹುಟ್ಟು, ವಯಸ್ಸು, ಹೆಸರು ಇವುಗಳಲ್ಲಿ ತಮಗೆ ಹತ್ತಿರದವರ ಮೇಲೆ. ನೂರಾರು ವರ್ಷ ಹಿಂದೆ ಸತ್ತವರ ಮೇಲೋ ಲೋಕದ ಇನ್ನೊಂದು ತುದಿಯಲ್ಲಿರುವವರ ಮೇಲೋ ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ಓರಗೆಯವನು ಮೇಲೆ ಹೋದಾಗ ಉರಿಯುತ್ತದೆ. ನೋವು ಕೊಡುವುದು ನಮ್ಮ ಕೈತಪ್ಪಿದ ವಸ್ತುವಿಗಿಂತ ಅವನ ಕೈಗೆ ಸಿಕ್ಕ ಏರಿಕೆ. ಸಿಂಹಗಳನ್ನು ಷೇಕ್ಸ್‌ಪಿಯರ್ ಬಿಟ್ಟಿದ್ದು ಇದಕ್ಕೇ ಇರಬೇಕು. ಸಿಂಹ ಕಳೆದುಕೊಂಡವನದು ಬರೀ ಮುನಿಸು, ವಾಪಸ್ ಕೊಟ್ಟರೆ ಮುಗಿಯಿತು. ಸೀಸರ್ ಏನು ಕೊಟ್ಟರೆ ಈ ಕ್ಯಾಸಿಯಸ್‌ಗೆ ಸಮಾಧಾನ ಆಗುತ್ತಿತ್ತು? ಏನು ಕೊಟ್ಟರೂ ಕೊಡುವ ಕೈ ಮೇಲೇ ಇರುತ್ತಿತ್ತು.

ನಮಗೆ ಇದನ್ನು ಓದುವಾಗ ದುರ್ಯೋಧನ ನೆನಪಾಗುವುದು ಸಹಜ. ಮಯನ ಸಭೆಯಿಂದ ಬಂದವನು ತಾನು ಬೇಯುತ್ತಿದ್ದೇನೆ ಅಂತ ಶಕುನಿಯ ಹತ್ತಿರ ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ. ಅಷ್ಟೇ ಅಲ್ಲ, ಅತೃಪ್ತಿಯೇ ಸಿರಿಯ ಬೇರು ಅಂತ ಅಪ್ಪನ ಎದುರೇ ವಾದ ಹೂಡುತ್ತಾನೆ. ಮತ್ಸರ ಅವನಿಗೆ ಅವಮಾನವಲ್ಲ, ಕ್ಷತ್ರಿಯನ ಹಕ್ಕು. ಕ್ಯಾಸಿಯಸ್ ಹಾಗೆ ಹೇಳಲಾರ. ಅವನ ರೋಮಿನಲ್ಲಿ ‘ಅವನ ಜಾಗ ನನಗೆ ಬೇಕು’ ಅನ್ನುವ ಮಾತೇ ರಾಜನಾಗುವ ಆಸೆಯ ಮಾತು, ತಲೆ ಹೋಗುವ ಮಾತು. ಹಾಗಾಗಿ ‘ಆ ಜಾಗವೇ ಯಾರಿಗೂ ಇರಬಾರದು’ ಅನ್ನುತ್ತಾನೆ.

ಅವನು ರಾಜಕೀಯದ ಮುಖವಾಡ ಹಾಕಿಕೊಂಡು ಒಳಗಿನ ಕಿಚ್ಚು ಮುಚ್ಚಿಟ್ಟ ಅನ್ನುವವರು ಇಲ್ಲೇ ಎಡವುತ್ತಾರೆ ಅಂತ ನನ್ನ ಅನಿಸಿಕೆ. ಮುಖವಾಡ ಅಂದರೆ ತೆಗೆಯಲು ಬರಬೇಕು, ಕೆಳಗೆ ಬೇರೆ ಮುಖ ಸಿಗಬೇಕು. ಕ್ಯಾಸಿಯಸ್‌ನ ಮಾತಿನಲ್ಲಿ ಹಾಗೆ ಎರಡು ಪದರ ಸಿಗುವುದಿಲ್ಲ. ‘ನಾನು ಸೀಸರ್‌ನಷ್ಟೇ ಸ್ವತಂತ್ರನಾಗಿ ಹುಟ್ಟಿದವನು, ನೀನೂ ಅಷ್ಟೇ’ ಅನ್ನುವ ಒಂದೇ ವಾಕ್ಯ ತೆಗೆದುಕೊಳ್ಳಿ. ಇದು ಹೊಟ್ಟೆಕಿಚ್ಚಿನ ಮಾತು. ಇದೇ ಗಣರಾಜ್ಯದ ಮೂಲ ತತ್ವವೂ ಹೌದು. ನನ್ನಂಥವನೇ ಆದವನು ನನ್ನ ತಲೆಯ ಮೇಲೆ ನಿಲ್ಲುವುದು ಸಹಿಸಲಾಗುವುದಿಲ್ಲ ಅನ್ನುವುದನ್ನು ಒಬ್ಬನ ಎದೆಯಿಂದ ಕೇಳಿದರೆ ಮತ್ಸರ, ಊರೆಲ್ಲದರ ಬಾಯಿಂದ ಕೇಳಿದರೆ ಸಂವಿಧಾನ. ಸೀಸರ್ ಈ ಸಣ್ಣ ಜಗತ್ತಿನ ಮೇಲೆ ದೈತ್ಯ ವಿಗ್ರಹದ ಹಾಗೆ ಕಾಲು ಚಾಚಿ ನಿಂತಿದ್ದಾನೆ, ನಾವು ಅವನ ಕಾಲ ಸಂದಿಯಲ್ಲಿ ತೂರಿಕೊಂಡು ನಮಗೊಂದು ಗೋರಿ ಹುಡುಕುತ್ತಿದ್ದೇವೆ ಅನ್ನುವಾಗ ಅವನು ತನ್ನ ನೋವನ್ನೂ ಹೇಳುತ್ತಿದ್ದಾನೆ, ರೋಮಿನ ಆಗಿನ ಸ್ಥಿತಿಯನ್ನೂ ಸರಿಯಾಗಿಯೇ ಹೇಳುತ್ತಿದ್ದಾನೆ. ನಾವು ಕೆಳಗಿರುವುದು ಗ್ರಹಗತಿಯಿಂದಲ್ಲ, ತಪ್ಪು ನಮ್ಮಲ್ಲೇ ಇದೆ ಅನ್ನುವ ಪ್ರಸಿದ್ಧ ಮಾತು ಬರುವುದೂ ಇಲ್ಲೇ. ಅದನ್ನು ಈಗ ಗೋಡೆಯ ಮೇಲೆ ಸ್ಫೂರ್ತಿವಾಕ್ಯ ಅಂತ ಬರೆದು ಹಾಕುತ್ತಾರೆ, ಕೊಲೆಗೆ ಜನ ಸೇರಿಸುವಾಗ ಹೇಳಿದ ಮಾತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಕ್ಯಾಸಿಯಸ್ ತನ್ನ ಕಿಚ್ಚನ್ನು ಬ್ರೂಟಸ್‌ಗೂ ಹತ್ತಿಸಲು ನೋಡುತ್ತಾನೆ. ಅವನ ಹೆಸರು ನಿನ್ನ ಹೆಸರಿಗಿಂತ ಹೇಗೆ ದೊಡ್ಡದು ಅಂತ ಕೇಳುವುದು ಅದಕ್ಕೇ. ಬ್ರೂಟಸ್‌ಗೆ ಅದು ಹತ್ತುವುದಿಲ್ಲ. ಅವನ ದೌರ್ಬಲ್ಯ ಬೇರೆ ಕಡೆ ಇದೆ, ಜನ ತನ್ನಿಂದ ಏನು ಬಯಸುತ್ತಾರೆ ಅನ್ನುವುದರಲ್ಲಿ. ಕ್ಯಾಸಿಯಸ್ ಜಾಣ, ತಕ್ಷಣ ದಾರಿ ಬದಲಿಸುತ್ತಾನೆ. ಬೇರೆ ಬೇರೆ ಕೈಬರಹದಲ್ಲಿ ಕಾಗದ ಬರೆದು, ಊರಿನ ಜನರೇ ಬರೆದ ಹಾಗೆ ಬ್ರೂಟಸ್‌ನ ಕಿಟಕಿಯಿಂದ ಒಳಗೆ ಹಾಕಿಸುತ್ತಾನೆ. ಅದು ಕೆಲಸ ಮಾಡುತ್ತದೆ. ಮತ್ಸರಪಡುವವನಿಗೆ ಬೇರೆಯವರ ಮನಸ್ಸಿನ ಸಂದುಗಳು ಚೆನ್ನಾಗಿ ಕಾಣುತ್ತವೆ, ಅವನು ಹೊತ್ತೆಲ್ಲ ನೋಡುವುದೇ ಅದನ್ನು ತಾನೆ.

ಇದನ್ನು ಗುರುತಿಸಿದವನು ಸೀಸರ್. ಆ ಕ್ಯಾಸಿಯಸ್ ನೋಡು, ಬಡಕಲು, ಹಸಿದವನ ಹಾಗಿದ್ದಾನೆ, ತುಂಬಾ ಯೋಚಿಸುತ್ತಾನೆ ಅಂತ ಆಂಟನಿಗೆ ಹೇಳುತ್ತಾನೆ. ಓದುತ್ತಾನೆ, ಜನರ ಕೆಲಸಗಳ ಒಳಗನ್ನು ನೋಡುತ್ತಾನೆ, ನಾಟಕ ಇಷ್ಟಪಡುವುದಿಲ್ಲ, ಸಂಗೀತ ಕೇಳುವುದಿಲ್ಲ, ನಗುವುದು ಅಪರೂಪ. ಇಂಥವರಿಗೆ ತಮಗಿಂತ ದೊಡ್ಡವರನ್ನು ಕಂಡರೆ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ. ಪ್ಲುಟಾರ್ಕ್‌ನಲ್ಲಿ ಸೀಸರ್ ಬಿಳಿಚಿಕೊಂಡ ಸಣಕಲರು ಅಂದಿದ್ದು ಬ್ರೂಟಸ್ ಮತ್ತು ಕ್ಯಾಸಿಯಸ್ ಇಬ್ಬರನ್ನೂ ಸೇರಿಸಿ. ಷೇಕ್ಸ್‌ಪಿಯರ್ ಬ್ರೂಟಸ್‌ನನ್ನು ಅಲ್ಲಿಂದ ತೆಗೆದು ಎಲ್ಲ ಹಸಿವನ್ನೂ ಕ್ಯಾಸಿಯಸ್‌ನ ಮೈಗೆ ಹಚ್ಚಿದ. ಆದರೂ ತಮಾಷೆ ಬಿಡಲಿಲ್ಲ. ನನಗೆ ಯಾರ ಭಯವೂ ಇಲ್ಲ, ನಾನು ಸೀಸರ್ ಅಂದ ಮರುಗಳಿಗೆಯೇ ಈ ದೇವರು, ಬಲಗಡೆ ಬಾ ಮಾರಾಯ, ಈ ಕಿವಿ ಕೇಳಿಸುವುದಿಲ್ಲ ಅನ್ನುತ್ತಾನೆ. ಕ್ಯಾಸಿಯಸ್ ಹೇಳಿದ್ದೇ ಸರಿ ಅಂತ ಪ್ರೇಕ್ಷಕರಿಗೆ ಅನ್ನಿಸದೆ ಇರುತ್ತದಾ?

ಇನ್ನು ಉದ್ದೇಶ ಶುದ್ಧವಾಗಿದ್ದ ಬ್ರೂಟಸ್ ಕಡೆ ಬನ್ನಿ. ನನಗೆ ಸೀಸರ್ ಮೇಲೆ ಸ್ವಂತ ದ್ವೇಷ ಏನೂ ಇಲ್ಲ ಅಂತ ರಾತ್ರಿ ತೋಟದಲ್ಲಿ ಒಬ್ಬನೇ ಹೇಳಿಕೊಳ್ಳುತ್ತಾನೆ. ಸೀಸರ್ ಇದುವರೆಗೆ ವಿವೇಕ ಕಳೆದುಕೊಂಡಿದ್ದು ತಾನು ಕಂಡಿಲ್ಲ ಅಂತಲೂ ಒಪ್ಪಿಕೊಳ್ಳುತ್ತಾನೆ. ಮತ್ತೆ ಯಾಕೆ ಕೊಲ್ಲಬೇಕು? ಕಿರೀಟ ಸಿಕ್ಕರೆ ಮುಂದೆ ಬದಲಾದಾನು, ಹಾವಿನ ಮೊಟ್ಟೆ ಇದ್ದ ಹಾಗೆ, ಮೊಟ್ಟೆಯಲ್ಲೇ ಒಡೆದುಬಿಡೋಣ. ಶುದ್ಧ ಮನಸ್ಸಿನವನ ಕೈಯಲ್ಲಿರುವುದು ಊಹೆ. ಕ್ಯಾಸಿಯಸ್ ಕನಿಷ್ಠ ಈಗ ನಡೆಯುತ್ತಿರುವುದರ ಬಗ್ಗೆ ಮಾತಾಡುತ್ತಿದ್ದ.

ಮುಂದೆಯೂ ಹಾಗೇ. ಆಂಟನಿಯನ್ನೂ ಮುಗಿಸೋಣ ಅಂದವನು ಕ್ಯಾಸಿಯಸ್, ನಾವು ಬಲಿ ಕೊಡುವವರು, ಕಟುಕರಲ್ಲ, ಜಾಸ್ತಿ ರಕ್ತ ಹರಿದರೆ ಮತ್ಸರದಿಂದ ಮಾಡಿದರು ಅಂದಾರು ಅಂತ ಬೇಡ ಅಂದವನು ಬ್ರೂಟಸ್. ಶವದ ಮುಂದೆ ಆಂಟನಿಗೆ ಮಾತಾಡಲು ಬಿಡಬೇಡ ಅಂತ ಕ್ಯಾಸಿಯಸ್ ಎಚ್ಚರಿಸಿದ, ಬ್ರೂಟಸ್ ಬಿಟ್ಟ. ಆಂಟನಿ ಆ ಭಾಷಣದಲ್ಲಿ ಊರಿಗೇ ಬೆಂಕಿ ಹಚ್ಚಿದ್ದು ಎಲ್ಲರಿಗೂ ಗೊತ್ತು. ಕೊನೆಗೆ ಆಂಟನಿ ಕಡೆಯವರ ಜೊತೆ ಯುದ್ಧಕ್ಕೆ ನಿಂತಾಗ, ಫಿಲಿಪ್ಪೈ ಅನ್ನುವ ಊರಿಗೆ ನಾವಾಗಿ ಹೋಗುವುದು ಬೇಡ, ಶತ್ರುವೇ ನಡೆದು ದಣಿದು ಬರಲಿ ಅಂದ ಕ್ಯಾಸಿಯಸ್. ಬ್ರೂಟಸ್ ಕೇಳಲಿಲ್ಲ, ಅಲ್ಲೇ ಸೋತರು. ಮತ್ಸರ ಇದ್ದವನ ಲೆಕ್ಕ ಪ್ರತಿ ಸಲ ಸರಿ, ಅದು ಇಲ್ಲದವನ ಲೆಕ್ಕ ಪ್ರತಿ ಸಲ ತಪ್ಪು. ಉದ್ದೇಶ ಒಳ್ಳೆಯದಿದ್ದರೆ ತೀರ್ಮಾನವೂ ಒಳ್ಳೆಯದಿರುತ್ತದೆ ಅಂತ ನಂಬುವವರನ್ನು ಈ ನಾಟಕ ಹೀಗೆ ಮೂರು ಸಲ ಬೀಳಿಸುತ್ತದೆ.

ಆದರೆ ಇಷ್ಟು ಸರಿಯಿದ್ದ ಕ್ಯಾಸಿಯಸ್ ಪ್ರತಿ ಸಲವೂ ಬ್ರೂಟಸ್‌ಗೆ ಸೋತಿದ್ದು ಯಾಕೆ? ಸೀಸರ್‌ಗೆ ಬಗ್ಗಲಾರೆ ಅಂದವನು ಬ್ರೂಟಸ್‌ಗೆ ಬಗ್ಗುತ್ತಲೇ ಹೋಗುತ್ತಾನೆ. ಮತ್ಸರ ಅವನ ಹುಟ್ಟುಗುಣ ಆಗಿದ್ದರೆ ಬ್ರೂಟಸ್ ಮೇಲೂ ಉರಿಯಬೇಕಿತ್ತು. ನಾಲ್ಕನೇ ಅಂಕದಲ್ಲಿ ಡೇರೆಯೊಳಗೆ ಇಬ್ಬರೂ ಜಗಳಕ್ಕೆ ಬೀಳುತ್ತಾರೆ. ನೀನು ದುಡ್ಡಿಗೆ ಹುದ್ದೆ ಮಾರುತ್ತೀಯ ಅಂತ ಬ್ರೂಟಸ್ ಆರೋಪಿಸುತ್ತಾನೆ, ಅದೇ ಉಸಿರಿನಲ್ಲಿ ನಾನು ಕೇಳಿದಾಗ ಸೈನಿಕರ ಸಂಬಳಕ್ಕೆ ನೀನು ದುಡ್ಡು ಕಳಿಸಲಿಲ್ಲ ಅಂತಲೂ ಬೈಯುತ್ತಾನೆ. ಎರಡೂ ಹೇಗೆ ಸರಿ ಹೊಂದುತ್ತದೋ ಅವನಿಗೇ ಗೊತ್ತು. ಕ್ಯಾಸಿಯಸ್ ಮೊದಲು ಹಾರಾಡಿ, ಕೊನೆಗೆ ಕತ್ತಿ ಕೈಗೆ ಕೊಟ್ಟು ಎದೆ ತೆರೆದು ಹೇಳುತ್ತಾನೆ: ಸೀಸರ್‌ಗೆ ಹೊಡೆದ ಹಾಗೆ ನನಗೂ ಹೊಡೆ, ನೀನು ಅವನನ್ನು ಅತ್ಯಂತ ದ್ವೇಷಿಸಿದ ಹೊತ್ತಿನಲ್ಲೂ ನನ್ನನ್ನು ಪ್ರೀತಿಸಿದ್ದಕ್ಕಿಂತ ಜಾಸ್ತಿ ಅವನನ್ನು ಪ್ರೀತಿಸಿದ್ದೆ. ಸೀಸರ್ ಸತ್ತು ಎಷ್ಟೋ ದಿನ ಆಗಿದೆ. ಅಧಿಕಾರದ ಪೈಪೋಟಿ ಮುಗಿದು ಹೋಗಿದೆ. ಬ್ರೂಟಸ್‌ನ ಪ್ರೀತಿಗಾಗಿ ಸತ್ತವನ ಜೊತೆಗಿನ ಪೈಪೋಟಿ ಇನ್ನೂ ನಡೆಯುತ್ತಲೇ ಇದೆ. ಇಡೀ ನಾಟಕದಲ್ಲಿ ಅವನು ತನ್ನ ಮತ್ಸರವನ್ನು ಒಪ್ಪಿಕೊಳ್ಳುವುದಕ್ಕೆ ಅತ್ಯಂತ ಹತ್ತಿರ ಬರುವುದು ಇಲ್ಲಿ.

ಅವನ ಸಾವಿಗೂ ನೋಟವೇ ಕಾರಣವಾಗುತ್ತದೆ. ಫಿಲಿಪ್ಪೈ ಯುದ್ಧದ ದಿನ, ಅವನ ಹುಟ್ಟಿದ ದಿನವೂ ಅದೇ. ದೂರದಲ್ಲಿ ಕಾಣುವ ದಂಡು ಯಾರದು ಅಂತ ನೋಡಲು ಗೆಳೆಯ ಟಿಟಿನಿಯಸ್‌ನನ್ನು ಕಳಿಸುತ್ತಾನೆ. ಅವತ್ತು ಸೀಸರ್ ಜ್ವರದಲ್ಲಿ ಕೂಗಿದ್ದು ಇದೇ ಹೆಸರು. ತನಗೆ ದೃಷ್ಟಿ ಮಂದ ಅಂತ ಗುಡ್ಡದ ಮೇಲಿಂದ ನೋಡಿ ಹೇಳಲು ಆಳು ಪಿಂಡಾರಸ್‌ಗೆ ಹೇಳುತ್ತಾನೆ. ಟಿಟಿನಿಯಸ್‌ನನ್ನು ಸುತ್ತುವರಿದು ಸಂತೋಷದಿಂದ ಕೂಗುತ್ತಿರುವವರು ಶತ್ರುಗಳು ಅಂತ ಪಿಂಡಾರಸ್ ತಪ್ಪಾಗಿ ತಿಳಿಯುತ್ತಾನೆ. ಅವರು ಬ್ರೂಟಸ್ ಕಡೆಯವರು, ಗೆದ್ದ ಸುದ್ದಿ ತಂದವರು. ಕ್ಯಾಸಿಯಸ್ ಕಾಯುವುದಿಲ್ಲ. ಸೀಸರ್‌ಗೆ ಚುಚ್ಚಿದ ಅದೇ ಕತ್ತಿಯಿಂದ ಪಿಂಡಾರಸ್ ಕೈಯಲ್ಲಿ ಚುಚ್ಚಿಸಿಕೊಂಡು ಸಾಯುತ್ತಾನೆ. ನಿನ್ನ ಮುಖ ನಿನಗೆ ಕಾಣುವುದಿಲ್ಲ, ನಾನು ನಿನ್ನ ಕನ್ನಡಿಯಾಗುತ್ತೇನೆ ಅಂತ ಬ್ರೂಟಸ್‌ಗೆ ಹೇಳಿದ್ದವನು, ಜನರ ಒಳಗನ್ನೇ ನೋಡುತ್ತಾನೆ ಅಂತ ಸೀಸರ್ ಹೆದರಿದ್ದವನು, ಬೇರೆಯವನ ಕಣ್ಣನ್ನು ನಂಬಿ ಕೆಟ್ಟ.

ಅವನ ಹೆಣದ ಮುಂದೆ ಬ್ರೂಟಸ್ ಹೇಳುವ ಮಾತು, ‘ರೋಮನ್ನರಲ್ಲಿ ಕೊನೆಯವನೇ, ಹೋಗಿ ಬಾ’. ಎರಡು ದೃಶ್ಯ ದಾಟಿದರೆ ಆಂಟನಿಯ ಮಾತು, ಉಳಿದವರೆಲ್ಲ ಮತ್ಸರಕ್ಕೆ ಮಾಡಿದರು ಅಂತ. ಎರಡು ತೀರ್ಪನ್ನೂ ಷೇಕ್ಸ್‌ಪಿಯರ್ ಹಾಗೇ ಬಿಟ್ಟಿದ್ದಾನೆ. ಇವುಗಳಲ್ಲಿ ಆಳುವವರಿಗೆ ಯಾವುದು ಹಿಡಿಸುತ್ತದೆ ಅನ್ನುವುದಕ್ಕೆ ರೋಮಿನ ಚರಿತ್ರೆಯಲ್ಲೇ ಉದಾಹರಣೆ ಇದೆ. ಚಕ್ರವರ್ತಿ ಟೈಬೀರಿಯಸ್‌ನ ಕಾಲ, ಕ್ರಿ.ಶ. 22ರಲ್ಲಿ ಕ್ಯಾಸಿಯಸ್‌ನ ಹೆಂಡತಿ ಯೂನಿಯಾ ತೀರಿಕೊಂಡಳು, ಫಿಲಿಪ್ಪೈ ಆಗಿ ಅರವತ್ತು ವರ್ಷದ ಮೇಲೆ. ಅವಳ ಶವಯಾತ್ರೆಯಲ್ಲಿ ಇಪ್ಪತ್ತು ದೊಡ್ಡ ಮನೆತನಗಳ ಪೂರ್ವಜರ ಮುಖದ ಅಚ್ಚುಗಳನ್ನು ಹೊತ್ತು ಮೆರೆಸಿದರು, ಗಂಡನದೂ ಅಣ್ಣನದೂ ಇರಲಿಲ್ಲ. ಅವೆರಡೂ ಇಲ್ಲದ್ದೇ ಎಲ್ಲಕ್ಕಿಂತ ಎದ್ದು ಕಂಡಿತು ಅಂತ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಮೂರು ವರ್ಷ ಕಳೆದು ಕ್ರೆಮುಟಿಯಸ್ ಕೋರ್ಡಸ್ ಎಂಬ ಇತಿಹಾಸಕಾರನ ಮೇಲೆ ವಿಚಾರಣೆ ನಡೆಯಿತು. ಅವನ ಅಪರಾಧ, ಪುಸ್ತಕದಲ್ಲಿ ಬ್ರೂಟಸ್‌ನನ್ನು ಹೊಗಳಿ ಕ್ಯಾಸಿಯಸ್‌ನನ್ನು ರೋಮನ್ನರಲ್ಲಿ ಕೊನೆಯವನು ಅಂತ ಕರೆದಿದ್ದು. ಅವನು ಸೆನೆಟ್‌ನಲ್ಲಿ ತನ್ನ ವಾದ ಹೇಳಿ ಮನೆಗೆ ಹೋಗಿ ಊಟ ಬಿಟ್ಟು ಸತ್ತ. ಪುಸ್ತಕ ಸುಡಬೇಕು ಅಂತ ಸೆನೆಟ್ ಆಜ್ಞೆ ಮಾಡಿತು, ಕೆಲವು ಪ್ರತಿಗಳನ್ನು ಯಾರೋ ಬಚ್ಚಿಟ್ಟು ಉಳಿಸಿಕೊಂಡರು.